ಹೆಡ್ ಬಿಚ್ಚುವ ಮೊದಲು ಬಕೆಟ್ ಹಿಡಿಯಿರಿ

ಪ್ರಶ್ನೆ: ಸರ್, ನಾನು ಮಲ್ಪೆಯವನು. ನಮ್ಮದು 45 ಅಡಿಯ ಟ್ರಾಲ್ ಬೋಟ್, ಆರು ಸಿಲಿಂಡರಿನ 110 ಎಚ್‌ಪಿ ಡೀಸೆಲ್ ಇಂಜಿನ್. ಎರಡು ತಿಂಗಳ ರಜೆ ಮುಗಿಸಿ ಆಗಸ್ಟಿನಲ್ಲಿ ಕಡಲಿಗೆ ಇಳಿದಾಗಿನಿಂದ ಇಂಜಿನ್ ಬಿಸಿಯಾಗುತ್ತಿದೆ. ಬಂದರಿನೊಳಗೆ ಮೀಟರ್ 75 ತೋರಿಸುತ್ತದೆ. ಅಳಿವೆ ದಾಟಿ 1600 ಆರ್‌ಪಿಎಂ ಕೊಟ್ಟರೆ ಅರ್ಧ ಗಂಟೆಯಲ್ಲಿ 95 ಆಗುತ್ತದೆ. ಬಲೆ ಎಳೆಯುವಾಗ 100 ಮುಟ್ಟುತ್ತದೆ. 900ಕ್ಕೆ ಇಳಿಸಿದರೆ ಹತ್ತು ನಿಮಿಷದಲ್ಲಿ 80ಕ್ಕೆ ಬರುತ್ತದೆ. ಒಳಗಿನ ನೀರು ಕಮ್ಮಿಯಾಗುತ್ತಿಲ್ಲ. ಬದಿಯ ಪೈಪಿನಲ್ಲಿ ಕಡಲ ನೀರು ಬರ್ತಾ ಉಂಟು. ಕಡಲ ನೀರಿನ ಪಂಪಿನಲ್ಲಿ ತಿರುಗುವ ರಬ್ಬರ್ ಚಕ್ರ ಉಂಟಲ್ಲ, ಸೀಸನ್ ಶುರುವಿನಲ್ಲಿ ಆ ಇಂಪೆಲ್ಲರ್ ರೆಕ್ಕೆ ಹೋಗಿತ್ತು, ಹೊಸತು ಹಾಕಿಸಿದೆವು. ಪಂಪಿಗೆ ನೀರೆಳೆಯುವ ಸಕ್ಷನ್ ಪೈಪನ್ನೂ ಬದಲಿಸಿದೆವು. ಕಸ ಹಿಡಿಯುವ ಸ್ಟ್ರೈನರ್ ಕ್ಲೀನ್ ಉಂಟು. ಬಿಸಿ ಏರಿದಾಗ ನೀರಿಗೆ ಕೂಲರಿನ ದಾರಿ ತೆರೆಯುವ ಥರ್ಮೋಸ್ಟಾಟ್ ತೆಗೆಸಿ ನೋಡಿದೆವು, ಪ್ರಯೋಜನ ಆಗಲಿಲ್ಲ. ಈಗ ಮೆಕ್ಯಾನಿಕ್ ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಬಿಚ್ಚಬೇಕು, ಲಕ್ಷದ ಮೇಲೆ ಖರ್ಚು ಅನ್ನುತ್ತಾರೆ. ಬಿಚ್ಚಿಸಲಾ? ಅಲ್ಲಿಯವರೆಗೆ ಕಡಲಿಗೆ ಹೋಗಬಹುದಾ?

ಉತ್ತರ: ಈಗ ಬಿಚ್ಚಿಸಬೇಡಿ. ಮುಂದೆ ಬಿಚ್ಚಲೇಬೇಕಾಗಿ ಬರಬಹುದು, ಅದು ಬೇರೆ ಮಾತು. ಆದರೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಹೆಡ್ ಗ್ಯಾಸ್ಕೆಟ್ ಕಡೆಗೆ ಬೆರಳು ತೋರಿಸುವ ಒಂದು ಲಕ್ಷಣವೂ ಅದರಲ್ಲಿಲ್ಲ. ಬದಲಿಗೆ ಒಂದು ದೊಡ್ಡ ವಿಷಯವನ್ನು ನೀವು ಸಣ್ಣದಾಗಿ ಹೇಳಿ ದಾಟಿಹೋಗಿದ್ದೀರಿ. ‘ಇಂಪೆಲ್ಲರ್ ರೆಕ್ಕೆ ಹೋಗಿತ್ತು.’ ಹೋಗಿತ್ತು, ಸರಿ. ಎಲ್ಲಿಗೆ ಹೋಯಿತು ಮಾರಾಯ್ರೆ? ರಬ್ಬರ್ ನೀರಿನಲ್ಲಿ ಕರಗುವ ವಸ್ತು ಅಲ್ವಲ್ಲ. ಮುರಿದ ರೆಕ್ಕೆ ನೀರಿನ ಜೊತೆ ಮುಂದೆ ಹೋಗಿ ಯಾವುದಾದರೂ ಇಕ್ಕಟ್ಟಿನ ಜಾಗದಲ್ಲಿ ಕೂತಿರುತ್ತದೆ. ಅದನ್ನು ಯಾರಾದರೂ ಹುಡುಕಿದರಾ? ನನ್ನ ಮೊದಲ ಸಂಶಯ ಅದರ ಮೇಲೆ. ಎರಡನೆಯದು, ನೀವು ಹೊಸತು ಅಂತ ನಂಬಿರುವ ಆ ಸಕ್ಷನ್ ಪೈಪ್ ಮೇಲೆ.

ಮಂಗಳೂರು ದಕ್ಕೆಯಲ್ಲಿ (ಬೋಟ್ ಕಟ್ಟುವ ಕಟ್ಟೆಯಲ್ಲಿ) ನಾನು ಕೆಲಸ ಮಾಡುತ್ತಿದ್ದಾಗ ಹೀಗೇ ಒಂದು ಬೋಟ್ ಬಂದಿತ್ತು. ಒಂದೇ ಸೀಸನ್ನಿನಲ್ಲಿ ಮೂರು ಇಂಪೆಲ್ಲರ್ ಹಾಕಿದ್ದರು. ಪ್ರತಿ ಸಲ ಹೊಸತು ಹಾಕಿ, ಮುಚ್ಚಳ ಬಿಗಿದು, ಬದಿಯಲ್ಲಿ ನೀರು ಬಂತು ಅಂತ ಖುಷಿಯಲ್ಲಿ ಹೊರಟುಬಿಡುತ್ತಿದ್ದರು. ನಾನು ಗೇರ್ ಆಯಿಲ್ ಕೂಲರಿನ ಬಾಯಿ ಬಿಚ್ಚಿ ಟಾರ್ಚ್ ಹಾಕಿದೆ. ಒಳಗೆ ಕಪ್ಪಗೆ ಏನೋ ಮಡಚಿ ಕೂತಿತ್ತು. ಮೂತಿ ಚೂಪಾದ ಪ್ಲೈಯರಿನಲ್ಲಿ ಎಳೆದರೆ ಒಂದು ರೆಕ್ಕೆ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಒಂದು ಹಿಡಿ ಚಿಪ್ಪಿನ ಚೂರು. ಹಳೇ ಪೇಪರ್ ಹಾಸಿ, ಅವರು ಡಬ್ಬಿಯಲ್ಲಿ ಇಟ್ಟಿದ್ದ ಮೂರು ಹಳೇ ಇಂಪೆಲ್ಲರುಗಳನ್ನು ಸಾಲಾಗಿ ಇಟ್ಟು, ಸಿಕ್ಕಿದ ತುಂಡುಗಳನ್ನು ಮುರಿದ ಬುಡಕ್ಕೆ ಹೊಂದಿಸುತ್ತಾ ಹೋದೆ. ಒಟ್ಟು ಏಳು ರೆಕ್ಕೆ ಹೋಗಿತ್ತು. ಆರು ಸಿಕ್ಕಿತು. ಬೋಟ್ ನಡೆಸುವ ತಂಡೇಲರು ‘ಸಾಕು, ಒಂದು ತಾನೇ’ ಅಂದರು. ಸಾಕಾಗಲಿಲ್ಲ. ಏಳನೆಯದು ಇಂಜಿನ್ ನೀರನ್ನು ತಣಿಸುವ ದೊಡ್ಡ ಕೂಲರಿನ ಬಾಯಲ್ಲಿ ಅಡ್ಡ ಬಿದ್ದು, ಸಣ್ಣ ಸಣ್ಣ ಟ್ಯೂಬುಗಳ ಕಾಲು ಭಾಗವನ್ನು ಮುಚ್ಚಿಕೊಂಡಿತ್ತು. ಅಂದಿನಿಂದ ನನ್ನದೊಂದು ರೂಢಿ. ಹಳೇ ಇಂಪೆಲ್ಲರಿನ ರೆಕ್ಕೆ ಎಣಿಸಿ ಲೆಕ್ಕ ಸರಿಹೋಗದೆ ಹೊಸತು ಹಾಕುವುದಿಲ್ಲ.

ನಿಮ್ಮ ಲಕ್ಷಣ ಯಾಕೆ ಇದಕ್ಕೇ ಹೊಂದುತ್ತದೆ ಅಂತ ಹೇಳುತ್ತೇನೆ. ಡೀಸೆಲ್ ಸುಟ್ಟು ಬರುವ ಶಕ್ತಿಯಲ್ಲಿ ಅಂದಾಜು ಮೂರರಲ್ಲೊಂದು ಪಾಲು ಫ್ಯಾನ್ (ಬೋಟ್ ದೂಡುವ ಪ್ರೊಪೆಲ್ಲರ್) ತಿರುಗಿಸಲು ಹೋಗುತ್ತದೆ. ಒಂದು ಪಾಲು ಹೊಗೆಯ ಜೊತೆ ಹೋಗುತ್ತದೆ. ಉಳಿದ ಒಂದು ಪಾಲನ್ನು ನೀರು ಹೊತ್ತುಕೊಂಡು ಹೊರಗೆ ಹಾಕಬೇಕು. ಆ ಒಂದು ಪಾಲು ಅಂದರೆ ಎಷ್ಟು? ಒಂದೇ ಒಂದು ಲೀಟರ್ ಡೀಸೆಲಿನ ಬಿಸಿ ಮೂರು ಕೊಡ ತಣ್ಣೀರನ್ನು ಕುದಿಯುವ ಹಂತಕ್ಕೆ ತರುತ್ತದೆ. ನಿಮ್ಮ ಇಂಜಿನ್ ಬಲೆ ಎಳೆಯುವಾಗ ಗಂಟೆಗೆ 15 ಲೀಟರ್ ಕುಡಿಯುತ್ತದೆ ಅಂತ ಇಟ್ಟುಕೊಳ್ಳಿ. ಗಂಟೆಗೆ 45 ಕೊಡ ನೀರು ಕುದಿಸುವಷ್ಟು ಬಿಸಿ ಹೊರಗೆ ಹೋಗಬೇಕು. ಬಂದರಿನೊಳಗೆ ಮೆಲ್ಲಗೆ ಹೋಗುವಾಗ ಗಂಟೆಗೆ ಎರಡು ಮೂರು ಲೀಟರ್ ಖರ್ಚಾದರೆ ಹೆಚ್ಚು. ಆಗ ಅರ್ಧ ಕಟ್ಟಿಕೊಂಡ ದಾರಿಯಲ್ಲಿ ಹೋಗುವ ನೀರೂ ಸಾಕಾಗುತ್ತದೆ, ಮೀಟರ್ 75ರಲ್ಲಿ ತಣ್ಣಗೆ ಕೂತಿರುತ್ತದೆ. 1600 ಕೊಟ್ಟಾಗ ಸಾಕಾಗುವುದಿಲ್ಲ. ಆದ್ದರಿಂದ ‘ಬದಿಯಲ್ಲಿ ನೀರು ಬರ್ತಾ ಉಂಟು’ ಅನ್ನುವುದು ಉತ್ತರವೇ ಅಲ್ಲ. ಎಷ್ಟು ಬರ್ತಾ ಉಂಟು ಅಂತ ಗೊತ್ತಾಗಬೇಕು.

ನಿಮ್ಮ ಇಂಜಿನ್ನಿನಲ್ಲಿ ಎರಡು ನೀರು ಓಡುತ್ತದೆ. ಒಂದು ಒಳಗಿನ ಸಿಹಿನೀರು. ಅದು ಬ್ಲಾಕು, ಹೆಡ್ಡು ಸುತ್ತಿ, ಕೂಲರಿಗೆ ಬಂದು, ವಾಪಸ್ಸು ಒಳಗೇ ಹೋಗುತ್ತದೆ. ಇನ್ನೊಂದು ಕಡಲ ನೀರು. ಬೋಟಿನ ಅಡಿಯ ತೂತಿನಿಂದ ವಾಲ್ವ್, ಸ್ಟ್ರೈನರ್, ಸಕ್ಷನ್ ಪೈಪ್, ಇಂಪೆಲ್ಲರ್ ಪಂಪ್, ಗೇರ್ ಆಯಿಲ್ ಕೂಲರ್, ದೊಡ್ಡ ಕೂಲರ್ ದಾಟಿ ಬದಿಯ ಪೈಪಿನಲ್ಲಿ ಹೊರಗೆ. ಇವೆರಡೂ ಒಂದನ್ನೊಂದು ಮುಟ್ಟುವುದಿಲ್ಲ. ಕೂಲರಿನಲ್ಲಿ ಟ್ಯೂಬಿನ ಗೋಡೆಯ ಆಚೆ ಈಚೆ ನಿಂತು ಬಿಸಿ ಮಾತ್ರ ಕೈ ಬದಲಾಯಿಸುತ್ತದೆ. ನಿಮ್ಮ ತೊಂದರೆ ಯಾವ ನೀರಿನದ್ದು ಅಂತ ಮೊದಲು ತಿಳಿಯಬೇಕು.

ಅದಕ್ಕೆ ಬೇಕಾದದ್ದು ಎರಡೇ ಸಾಮಾನು. ಒಂದು, 20 ಲೀಟರಿನ ಖಾಲಿ ಪೇಂಟ್ ಬಕೆಟ್. ಇನ್ನೊಂದು, ಗುರಿ ಹಿಡಿದು ಒತ್ತಿದರೆ ಡಿಗ್ರಿ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್. ಹೊಳೆಯುವ ಹಿತ್ತಾಳೆ, ಸ್ಟೀಲ್ ಮೇಲೆ ಅದು ಸುಳ್ಳು ಹೇಳುತ್ತದೆ. ನೋಡಬೇಕಾದ ಜಾಗಕ್ಕೆಲ್ಲ ಮೊದಲೇ ಕರಿ ಇನ್ಸುಲೇಷನ್ ಟೇಪ್ ಸುತ್ತಿಡಿ. ಮೊದಲ ಕೆಲಸವಾಗಿ ಥರ್ಮೋಸ್ಟಾಟ್ ಮನೆಯ ಹತ್ತಿರ ಹಿಡಿದು, ಕ್ಯಾಬಿನ್ನಿನ ಮೀಟರ್ ಜೊತೆ ಹೋಲಿಸಿ. ಮೀಟರ್ 95 ಹೇಳುತ್ತಿದ್ದು ಅಲ್ಲಿ 80 ಇದ್ದರೆ ನಿಮ್ಮ ಕಾಯಿಲೆ ಸೆನ್ಸರಿನದ್ದು, ಇಂಜಿನ್ನಿನದ್ದಲ್ಲ. ಇದರ ಉಲ್ಟಾ ಇನ್ನೂ ಅಪಾಯ. ಒಳಗಿನ ನೀರು ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತರೆ ಮೀಟರ್ ಕಮ್ಮಿ ತೋರಿಸುತ್ತದೆ. ಇಂಜಿನ್ ಸುಡುತ್ತಿರುತ್ತದೆ, ಮುಳ್ಳು ಕೆಳಗೆ ಮಲಗಿರುತ್ತದೆ.

ಈಗ ಬಕೆಟ್. ದಕ್ಕೆಗೆ ಕಟ್ಟಿದ ಬೋಟಿನಲ್ಲೇ, ನ್ಯೂಟ್ರಲಿನಲ್ಲೇ ಮಾಡುವ ಕೆಲಸ. ಬದಿಯ ಪೈಪಿನ ಬಾಯಿಗೆ ಬಕೆಟ್ ಹಿಡಿಯಲು ಒಬ್ಬರು, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಲು ಒಬ್ಬರು. ಮೊದಲು 800 ಆರ್‌ಪಿಎಂನಲ್ಲಿ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಅಂತ ಬರೆದುಕೊಳ್ಳಿ. ಆಮೇಲೆ 1600ರಲ್ಲಿ. ಈ ಪಂಪಿನ ಗುಣ ಹೇಗೆಂದರೆ, ಇಂಜಿನ್ ಎರಡು ಪಟ್ಟು ತಿರುಗಿದರೆ ನೀರೂ ಹೆಚ್ಚು ಕಮ್ಮಿ ಎರಡು ಪಟ್ಟು ಬರಬೇಕು. ಅಂದರೆ ಸಮಯ ಅರ್ಧವಾಗಬೇಕು. ನಿಮ್ಮ ಅಳತೆಯ ಇಂಜಿನ್ನಿಗೆ 800ರಲ್ಲಿ 25ರಿಂದ 30 ಸೆಕೆಂಡ್, 1600ರಲ್ಲಿ ಹದಿನಾಲ್ಕು ಹದಿನೈದು ಸೆಕೆಂಡ್ ಬಂದರೆ ನಾನು ಒಪ್ಪುತ್ತೇನೆ. ಪಂಪಿನ ಅಳತೆ ಬೇರೆ ಇದ್ದರೆ ಅಂಕಿ ಬೇರೆಯಾಗಬಹುದು. ಆದರೆ ಆ ಅರ್ಧದ ಲೆಕ್ಕ ಬದಲಾಗುವುದಿಲ್ಲ. 800ರಲ್ಲಿ 28 ಇದ್ದದ್ದು 1600ರಲ್ಲೂ 23ರಲ್ಲೇ ನಿಂತರೆ, ದಾರಿಯಲ್ಲಿ ಎಲ್ಲೋ ಕಟ್ಟಿದೆ.

ಎಲ್ಲಿ ಅಂತ ತಿಳಿಯಲು ಎಲ್ಲವನ್ನೂ ಬಿಚ್ಚಬೇಕಾಗಿಲ್ಲ. ಇಂಜಿನ್ ನಿಲ್ಲಿಸಿ, ಪಂಪಿನಿಂದ ನೀರು ಹೊರಬರುವ ಪೈಪನ್ನು ಗೇರ್ ಆಯಿಲ್ ಕೂಲರಿನ ಹತ್ತಿರ ಕಳಚಿ, ಅದಕ್ಕೊಂದು ಪೈಪ್ ಜೋಡಿಸಿ ಡೆಕ್ ಮೇಲಿನ ಬಕೆಟಿಗೆ ಬಿಡಿ. ಈಗ ಮತ್ತೆ ಅದೇ 800, ಅದೇ 1600, ಒಂದೊಂದು ನಿಮಿಷ ಮಾತ್ರ. ಇಲ್ಲಿ ಸಮಯ ಸರಿಯಾಗಿ ಅರ್ಧವಾಯಿತಾ? ಹಾಗಾದರೆ ಪಂಪ್ ಚೆನ್ನಾಗಿದೆ, ಅದರ ಹಿಂದಿನದ್ದೆಲ್ಲ ಚೆನ್ನಾಗಿದೆ, ಕಟ್ಟಿರುವುದು ಕೂಲರುಗಳಲ್ಲಿ. ಇಲ್ಲೂ ನೀರು ಕಮ್ಮಿಯಾ? ಹಾಗಾದರೆ ಕೂಲರ್ ಮುಟ್ಟಬೇಡಿ, ಪಂಪಿನಿಂದ ಹಿಂದಕ್ಕೆ ಹೋಗಿ. ಅರ್ಧ ಗಂಟೆಯ ಕೆಲಸ, ಅರ್ಧ ಬೋಟ್ ಸಂಶಯದಿಂದ ಹೊರಗೆ. ಒಂದು ಮಾತು, ಲುಂಗಿ ಉಟ್ಟುಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ತಿರುಗುವ ಬೆಲ್ಟಿಗೆ ಲುಂಗಿಯೂ ಒಂದೇ, ಕೈಯೂ ಒಂದೇ.

ಪಂಪಿನಿಂದ ಹಿಂದೆ ಅಂದರೆ ಏನೇನು? ಬೋಟಿನ ಅಡಿಯ ಜಾಲರಿಯಿಂದ ಶುರು ಮಾಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟ್ ನಿಂತಿತ್ತು. ನೀರಲ್ಲೇ ಕಟ್ಟಿದ್ದರೆ ಆ ಜಾಲರಿಯ ಒಳಗೆ ಚಿಪ್ಪು ಬೆಳೆಯಲು ಅಷ್ಟು ಸಮಯ ಧಾರಾಳ. ಹೊರಗಿನಿಂದ ಕೆರೆದು ಬಣ್ಣ ಬಳಿದಿರುತ್ತಾರೆ, ತೂತಿನ ಒಳಗೆ ಯಾರೂ ಕೈ ಹಾಕಿರುವುದಿಲ್ಲ. ಕೆಲವೊಮ್ಮೆ ಆ ಬಣ್ಣವೇ ಜಾಲರಿಯ ಕಣ್ಣು ಮುಚ್ಚಿರುತ್ತದೆ! ಮಳೆಗಾಲ ಕಳೆದ ಮೇಲೆ ಪ್ಲಾಸ್ಟಿಕ್ ಚೀಲ, ಜೆಲ್ಲಿಫಿಶ್ ಕಾಟ ಬೇರೆ. ಚೀಲದ ಆಟ ಗೊತ್ತಲ್ಲ? ಇಂಜಿನ್ ಎಳೆಯುವಾಗ ಬಂದು ಅಂಟುತ್ತದೆ, ನಿಲ್ಲಿಸಿದರೆ ಬಿಟ್ಟು ಹೋಗುತ್ತದೆ, ಹುಡುಕಿದರೆ ಏನೂ ಇಲ್ಲ. ಆದರೆ ಚೀಲ ದಿನಾ ಅದೇ ಹೊತ್ತಿಗೆ ಬರುವುದಿಲ್ಲ. ನಿಮ್ಮದು ಪ್ರತಿ ಸಲ ಅರ್ಧ ಗಂಟೆಗೆ ಸರಿಯಾಗಿ ಏರುತ್ತದೆ. ಆದ್ದರಿಂದ ಚೀಲವನ್ನು ನಾನು ಪಟ್ಟಿಯಿಂದ ತೆಗೆಯುತ್ತೇನೆ. ಜಾಲರಿ ನೋಡಲು ಯಾರಾದರೂ ಮುಳುಗುವುದಾದರೆ ಇಂಜಿನ್ ಕೀ ಮುಳುಗುವವನ ಹತ್ತಿರವೇ ಇರಲಿ.

ಸ್ಟ್ರೈನರ್ ಕ್ಲೀನ್ ಅಂದಿರಿ. ಅದರ ಮುಚ್ಚಳದ ಓ ರಿಂಗ್ ನೋಡಿದಿರಾ? ಕಸ ತೆಗೆಯಲು ಹತ್ತು ಸಲ ಬಿಚ್ಚಿ ಹಾಕುವಾಗ ಆ ರಬ್ಬರ್ ಬಳೆ ಚಪ್ಪಟೆಯಾಗಿ, ಅಲ್ಲಿಂದ ಗಾಳಿ ಎಳೆಯುತ್ತದೆ. ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಇಂಜಿನ್ ಓಡುವಾಗ ಮುಚ್ಚಳದ ಸುತ್ತ ದಪ್ಪ ಸೋಪಿನ ನೊರೆ ಹಚ್ಚಿ. ನೊರೆ ಒಳಗೆ ಹೋದರೆ ಕಳ್ಳ ಸಿಕ್ಕಿದ. ಸ್ಟ್ರೈನರ್ ಬಿಚ್ಚುವಾಗ ಅಡಿಯ ವಾಲ್ವ್ ಮುಚ್ಚಿ ಅಂತ ನಾನು ಹೇಳಬೇಕಾ? ಹೇಳುತ್ತೇನೆ. ಆ ತೂತಿನ ಅಳತೆಗೆ ಕೆತ್ತಿದ ಒಂದು ಮರದ ಬೆಣೆಯೂ ಪಕ್ಕದಲ್ಲೇ ನೇತಾಡುತ್ತಿರಲಿ. ವಾಲ್ವಿನ ಹ್ಯಾಂಡಲ್ ಕೈಯಲ್ಲೇ ಕಿತ್ತು ಬರುವುದನ್ನು ನಾನು ನೋಡಿದ್ದೇನೆ.

ಇನ್ನು ಆ ಹೊಸ ಸಕ್ಷನ್ ಪೈಪ್. ಅದರೊಳಗೆ ತಂತಿಯ ಸುರುಳಿ ಉಂಟಾ? ಎಳೆಯುವ ಪೈಪಿಗೆ ತಂತಿ ಇರಲೇಬೇಕು. ನೀರು ದೂಡುವ ಪೈಪ್ ಉಬ್ಬುತ್ತದೆ, ಎಳೆಯುವ ಪೈಪ್ ಬತ್ತುತ್ತದೆ. ಎಳನೀರು ಖಾಲಿಯಾದ ಮೇಲೂ ಜೋರಾಗಿ ಎಳೆದರೆ ಸ್ಟ್ರಾ ಚಪ್ಪಟೆಯಾಗುತ್ತದಲ್ಲ, ಹಾಗೆ. ತಂತಿ ಇಲ್ಲದ ಪೈಪ್ 800ರಲ್ಲಿ ಗುಂಡಗೆ ಇರುತ್ತದೆ, 1600ರಲ್ಲಿ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ಎರಡೂ ಕಪ್ಪಗೆ, ದಪ್ಪಗೆ ಒಂದೇ ಥರ ಕಾಣುತ್ತವೆ. ಯಾರಾದರೂ 1600 ಕೊಟ್ಟಾಗ ನೀವು ಪೈಪಿನ ಮೇಲೆ ಕೈ ಇಟ್ಟು ನೋಡಿ, ಅಷ್ಟೇ ಸಾಕು. ಇನ್ನೊಂದು ಜಾತಿಯ ಪೈಪ್ ಉಂಟು, ಅದು ಮಹಾ ಮೋಸದ್ದು. ಹೊರಗೆ ಗಟ್ಟಿ, ತಂತಿಯೂ ಇದೆ, ಆದರೆ ಒಳಗಿನ ಪದರ ಕಿತ್ತು ನಾಲಗೆಯ ಹಾಗೆ ನೇತಾಡುತ್ತದೆ. ಅಂಥದ್ದೊಂದನ್ನು ಎಲ್ಲಿಯೂ ತಪ್ಪು ಸಿಗದೆ, ಸಿಟ್ಟಿನಲ್ಲಿ ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿದ್ದೆ. ನಡುವೆ ಒಂದು ಗೇಣು ಉದ್ದದ ನಾಲಗೆ. ನೀರು ಜೋರಾದಾಗ ಎದ್ದು ಬಾಗಿಲು ಹಾಕುತ್ತದೆ, ನಿಧಾನವಾದಾಗ ಮಲಗುತ್ತದೆ. ಒಂದು ತಿಂಗಳು ನಮ್ಮನ್ನು ಆಟ ಆಡಿಸಿತ್ತು.

ಪಂಪಿನ ಬಗ್ಗೆ ಎರಡು ಮಾತು. ಹೊಸ ಇಂಪೆಲ್ಲರ್ ಹಾಕಿದ್ದೀರಿ, ಆದರೆ ಅದರ ಮುಚ್ಚಳದ ತಟ್ಟೆಯಲ್ಲಿ ಉಗುರಿಗೆ ಸಿಗುವಷ್ಟು ಗುಂಡಗಿನ ಗೀರು ಬಿದ್ದಿದ್ದರೆ ಆ ಗೀರಿನಲ್ಲೇ ನೀರು ವಾಪಸ್ಸು ಓಡುತ್ತದೆ. ನಮ್ಮ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಮರಳು ಜಾಸ್ತಿ, ಈ ತಟ್ಟೆ ಬೇಗ ಸವೆಯುತ್ತದೆ. ಹಿಂಬದಿ ನುಣ್ಣಗಿದ್ದರೆ ತಟ್ಟೆಯನ್ನು ತಿರುಗಿಸಿ ಹಾಕಿ, ಕಾಸಿಲ್ಲದ ರಿಪೇರಿ. ಇಂಪೆಲ್ಲರ್ ಕೂರಿಸುವಾಗ ಗ್ರೀಸ್ ಬೇಡ, ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಗ್ಲಿಸರಿನ್ ಅಥವಾ ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಮತ್ತೆ, ರಜೆಯಲ್ಲಿ ನಿಮ್ಮ ಹಳೇ ಇಂಪೆಲ್ಲರ್ ಯಾಕೆ ಹೋಯಿತು ಗೊತ್ತಾ? ಬ್ಯಾಟರಿ ಚಾರ್ಜ್ ಆಗಲಿ ಅಂತ ವಾಲ್ವ್ ತೆಗೆಯದೆ ಸುಮ್ನೆ ಇಂಜಿನ್ ಸ್ಟಾರ್ಟ್ ಮಾಡಿರುತ್ತಾರೆ. ಅದಕ್ಕೆ ನೀರೇ ಎಣ್ಣೆ. ನೀರಿಲ್ಲದೆ ಒಂದು ನಿಮಿಷ ತಿರುಗಿದರೂ ರೆಕ್ಕೆಯ ತುದಿ ಸುಡುತ್ತದೆ.

ಈಗ ಥರ್ಮಾಮೀಟರ್. ಇದು ಕಡಲಲ್ಲಿ, 1600ರಲ್ಲಿ, ಬಿಸಿ ಏರುವ ಹೊತ್ತಿಗೆ ಮಾಡಬೇಕಾದ ಕೆಲಸ. ಹಗಲು, ತೀರದ ಹತ್ತಿರವೇ, ಇನ್ನೊಂದು ಬೋಟಿನವರಿಗೆ ಹೇಳಿಟ್ಟು ಮಾಡಿ. ಸ್ಟ್ರೈನರ್ ಹತ್ತಿರ ಒಳಬರುವ ಕಡಲ ನೀರು ಎಷ್ಟು, ಕೂಲರಿನಿಂದ ಹೊರಹೋಗುವ ಕಡಲ ನೀರು ಎಷ್ಟು ಅಂತ ನೋಡಿ. ಒಳಬರುವುದು 28, 29 ಇದ್ದರೆ ಹೊರಹೋಗುವುದು ಏಳರಿಂದ ಹತ್ತು ಡಿಗ್ರಿ ಜಾಸ್ತಿ ಇದ್ದರೆ ಸರಿ. ಹದಿನೈದು ದಾಟಿದರೆ ನೀರು ಸಾಲುತ್ತಿಲ್ಲ, ಇರುವ ಸ್ವಲ್ಪ ನೀರೇ ಎಲ್ಲ ಬಿಸಿಯನ್ನೂ ಹೊರುತ್ತಿದೆ. ಇದಕ್ಕೆ ಉಲ್ಟಾ, ಇಂಜಿನ್ 95 ಇದ್ದೂ ಹೊರಹೋಗುವ ನೀರು ಮೂರು ನಾಲ್ಕು ಡಿಗ್ರಿ ಮಾತ್ರ ಜಾಸ್ತಿ ಇದ್ದರೆ? ಆಗ ಕಡಲ ನೀರು ಬೇಕಾದಷ್ಟಿದೆ, ಆದರೆ ಬಿಸಿ ಅದರ ತನಕ ಬರುತ್ತಲೇ ಇಲ್ಲ. ಕೂಲರಿನ ಟ್ಯೂಬುಗಳಲ್ಲಿ ಸುಣ್ಣ ಕಟ್ಟಿದೆ, ಇಲ್ಲವೇ ಒಳಗಿನ ಸಿಹಿನೀರು ಸರಿಯಾಗಿ ಸುತ್ತುತ್ತಿಲ್ಲ. ನೋಡಿ, ಎರಡು ಅಂಕಿ ಬರೆದುಕೊಂಡರೆ ಯಾವ ನೀರಿನ ತಪ್ಪು ಅಂತ ತಾನಾಗಿ ಗೊತ್ತಾಗುತ್ತದೆ.

ಕೂಲರ್ ಬಿಚ್ಚುವ ಪಾಳಿ ಬಂದರೆ ಎರಡೂ ತುದಿಯ ಮುಚ್ಚಳ ತೆಗೆದು, ಒಂದು ಬದಿಯಲ್ಲಿ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಎಲ್ಲ ಟ್ಯೂಬಿನಲ್ಲೂ ಬೆಳಕಿನ ಗುಂಡು ಚುಕ್ಕಿ ಕಾಣಬೇಕು. ರೆಕ್ಕೆಯ ತುಂಡು, ಚಿಪ್ಪು, ಮುರಿದುಬಿದ್ದ ಜಿಂಕ್ ಪೆನ್ಸಿಲ್ಲಿನ (ಟ್ಯೂಬಿನ ಬದಲು ತಾನು ಸವೆಯಲು ಇಟ್ಟ ಸತುವಿನ ಕಡ್ಡಿಯ) ಚೂರು ಎಲ್ಲ ನೀರು ಒಳಬರುವ ಬದಿಯಲ್ಲೇ ಸಿಗುತ್ತವೆ. ಮೆತ್ತಗಿನ ಕೆಸರನ್ನು ಸಣ್ಣ ಮರದ ಕಡ್ಡಿ ಅಥವಾ ಹಿತ್ತಾಳೆ ಕಡ್ಡಿಯಿಂದ ದೂಡಿ ತೆಗೆಯಿರಿ. ಸ್ಟೀಲ್ ಕಡ್ಡಿ ಬೇಡ, ಟ್ಯೂಬ್ ಗೀರಿ ತೂತಾಗುತ್ತದೆ. ಗಟ್ಟಿ ಸುಣ್ಣಕ್ಕೆ ಆಸಿಡ್ ಬೇಕಾಗುತ್ತದೆ. ಆದರೆ ಇಲ್ಲಿ ನಿಮ್ಮ ಕೈ ಹಿಡಿದು ನಿಲ್ಲಿಸುತ್ತೇನೆ, ಯಾಕೆಂದರೆ ಈ ತಪ್ಪು ನಾನೇ ಮಾಡಿದ್ದು. ಕೆಲಸ ಕಲಿಯುತ್ತಿದ್ದ ಕಾಲ. ಒಂದು ಕೂಲರನ್ನು ಕಕ್ಕಸು ತೊಳೆಯುವ ಆಸಿಡ್ಡಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಹೊಸದರ ಹಾಗೆ ಫಳಫಳ. ಜೋಡಿಸಿ ಕಳಿಸಿದೆ. ಮೂರನೇ ದಿನ ಬೋಟ್ ವಾಪಸ್ಸು ಬಂತು, ಬೆಸುಗೆ ತಿಂದುಹೋಗಿ ಕಡಲ ನೀರು ಸಿಹಿನೀರಿಗೆ ಸೇರಿತ್ತು. ಎರಡು ತಿಂಗಳ ಸಂಬಳ ಹೋಯಿತು. ತುಂಬಾ ನೀರು ಬೆರೆಸಿದ ಆಸಿಡ್, ಅದೂ ಗುಳ್ಳೆ ಏಳುವುದು ನಿಲ್ಲುವವರೆಗೆ ಮಾತ್ರ, ಪಕ್ಕದಲ್ಲೇ ಕೂತು ನೋಡುತ್ತಾ, ಆಮೇಲೆ ಸೋಡಾ ಪುಡಿಯ ನೀರಿನಲ್ಲಿ ತೊಳೆದು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು. ಅಲ್ಯೂಮಿನಿಯಂ ಭಾಗ ಇರುವ ಕೂಲರಿಗೆ ಈ ಆಸಿಡ್ ಬೇಡವೇ ಬೇಡ. ಜೋಡಿಸುವಾಗ ಜಿಂಕ್ ಅರ್ಧ ಸವೆದಿದ್ದರೆ ಹೊಸತು ಹಾಕಿ. ಕಡಲ ನೀರು ಏನನ್ನಾದರೂ ತಿನ್ನಲೇಬೇಕು. ಜಿಂಕ್ ಇಲ್ಲದಿದ್ದರೆ ಟ್ಯೂಬ್ ತಿನ್ನುತ್ತದೆ.

ಥರ್ಮೋಸ್ಟಾಟನ್ನು ದಯವಿಟ್ಟು ವಾಪಸ್ಸು ಹಾಕಿ. ನಮ್ಮ ಕಡೆ ಇಂಜಿನ್ ಬಿಸಿಯಾದರೆ ಮೊದಲು ಅದನ್ನು ಕಿತ್ತು ಬಿಸಾಡುವುದು ಒಂದು ಚಟವಾಗಿದೆ. ಎಷ್ಟೋ ಇಂಜಿನ್ನುಗಳಲ್ಲಿ ಅದು ಎರಡು ಬಾಗಿಲ ಕೆಲಸ ಮಾಡುತ್ತದೆ. ಕೂಲರ್ ಕಡೆಯ ಬಾಗಿಲು ತೆರೆಯುವಾಗಲೇ, ನೀರು ಕೂಲರಿಗೆ ಹೋಗದೆ ವಾಪಸ್ಸು ತಿರುಗುವ ಅಡ್ಡದಾರಿಯನ್ನು ಮುಚ್ಚುತ್ತದೆ. ಕಿತ್ತರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ, ಬಿಸಿನೀರಿನ ಒಂದು ಪಾಲು ಕೂಲರನ್ನು ನೋಡುವುದೇ ಇಲ್ಲ. ಲೋಡಿನಲ್ಲಿ ಇನ್ನೂ ಬಿಸಿ, ಲೋಡಿಲ್ಲದಾಗ ಬೇಕಾದದ್ದಕ್ಕಿಂತ ತಣ್ಣಗೆ. ಡೀಸೆಲ್ ಖರ್ಚು ಜಾಸ್ತಿ, ಸವೆತ ಜಾಸ್ತಿ. ಅದು ಸರಿ ಉಂಟಾ ಅಂತ ನೋಡುವುದು ಅಡುಗೆಮನೆಯ ಕೆಲಸ. ಒಂದು ಪಾತ್ರೆ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆ ಹಚ್ಚಿ, ಥರ್ಮಾಮೀಟರ್ ಹಿಡಿಯಿರಿ. ಅದರ ಮೇಲೆ ಕೊರೆದಿರುವ ಡಿಗ್ರಿಗೆ ಬಾಯಿ ಬಿಡಲು ಶುರು ಮಾಡಬೇಕು, ಇನ್ನೊಂದು ಹತ್ತು ಹನ್ನೆರಡು ಡಿಗ್ರಿಯಲ್ಲಿ ಪೂರ್ತಿ ತೆರೆಯಬೇಕು. ಮನೆಯವರ ಹಾಲಿನ ಪಾತ್ರೆ ಮಾತ್ರ ತೆಗೆದುಕೊಳ್ಳಬೇಡಿ, ಆ ಗಲಾಟೆಗೆ ನಾನು ಜವಾಬ್ದಾರನಲ್ಲ.

ಒಳಗಿನ ನೀರು ಎಲ್ಲಿಂದ ತಂದು ತುಂಬಿದ್ದೀರಿ? ತೀರದ ಬಾವಿಗಳಲ್ಲಿ ಬೇಸಿಗೆ ಬಂದರೆ ಉಪ್ಪು ಸೇರುತ್ತದೆ. ಅದನ್ನೇ ತುಂಬಿದರೆ ಬ್ಲಾಕಿನೊಳಗೂ ಕಟ್ಟಿಕೊಳ್ಳುತ್ತದೆ. ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ. ಟ್ಯಾಂಕಿನ ಒತ್ತಡದ ಮುಚ್ಚಳವನ್ನೂ ಗಮನಿಸಿ. ಅರ್ಧ ಬಾರ್ ಒತ್ತಡ ಹಿಡಿಯುವ ಮುಚ್ಚಳ ಇದ್ದರೆ ಬರೀ ನೀರು ಕೂಡ 110 ಡಿಗ್ರಿ ಆಸುಪಾಸಿನವರೆಗೆ ಕುದಿಯುವುದಿಲ್ಲ. ಅದರ ರಬ್ಬರ್ ಹರಿದಿದ್ದರೆ ನೂರಕ್ಕೇ ಕುದಿಯುತ್ತದೆ. ನೀವು ನೂರರ ಅಂಚಿನಲ್ಲೇ ಓಡುತ್ತಿದ್ದೀರಿ, ಹಾಗಾಗಿ ಇದು ಸಣ್ಣ ವಿಷಯವಲ್ಲ.

ನೀರಿನದ್ದೆಲ್ಲ ಸರಿ ಉಂಟು ಅಂತಾದರೆ ಆಗ ಲೋಡ್ ನೋಡಬೇಕು. ರಜೆಯಲ್ಲಿ ಫ್ಯಾನ್ ಬದಲಿಸಿದ್ದೀರಾ, ರಿಪೇರಿ ಮಾಡಿಸುವಾಗ ಅದರ ಪಿಚ್ (ಎಲೆಯ ಓರೆ) ಹೆಚ್ಚಾಯಿತಾ, ಶಾಫ್ಟಿಗೆ ಬಲೆಯ ಹಗ್ಗ ಸುತ್ತಿದೆಯಾ? ಬಲೆ ಇಲ್ಲದೆ ಪೂರ್ತಿ ಆಕ್ಸಿಲೇಟರ್ ಕೊಟ್ಟಾಗ ಇಂಜಿನ್ ತನ್ನ ಪೂರ್ತಿ ಆರ್‌ಪಿಎಂ ಮುಟ್ಟದೆ, ಕಪ್ಪು ಹೊಗೆ ಬಿಟ್ಟು ನರಳಿದರೆ ಅದಕ್ಕೆ ಭಾರ ಜಾಸ್ತಿಯಾಗಿದೆ ಅಂತ ಅರ್ಥ. ನೀವು ಹೊಗೆಯ ಬಗ್ಗೆ ಏನೂ ಬರೆದಿಲ್ಲ, ಒಮ್ಮೆ ತಿರುಗಿ ನೋಡಿ.

ಹೆಡ್ ಗ್ಯಾಸ್ಕೆಟ್ ಹೋದರೆ ಹೇಗಿರುತ್ತದೆ? ಬೆಳಿಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ, ನೀರು ಬಿಸಿಯಾಗುವ ಮೊದಲೇ, ನೀರಿನ ಪೈಪ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ತಣ್ಣಗಿದ್ದಾಗಲೇ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿದರೆ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತದೆ. ನೀರು ದಿನಾ ಕಮ್ಮಿಯಾಗುತ್ತದೆ, ಬಿಳಿ ಹೊಗೆ ಬರುತ್ತದೆ, ಇಲ್ಲವೇ ಆಯಿಲ್ ಕಡ್ಡಿ ಎಳೆದರೆ ಹಾಲು ಬೆರೆಸಿದ ಚಹಾದ ಬಣ್ಣ. ನಿಮ್ಮ ನೀರು ಕಮ್ಮಿಯಾಗುತ್ತಿಲ್ಲ, ವೇಗ ಇಳಿಸಿದರೆ ಹತ್ತು ನಿಮಿಷದಲ್ಲಿ ತಣಿಯುತ್ತದೆ. ನಾಳೆ ಬೆಳಿಗ್ಗೆಯೇ ಮುಚ್ಚಳ ತೆಗೆದು ಐದು ನಿಮಿಷ ನೋಡಿ. ಗುಳ್ಳೆ ಸಾಲು ಕಂಡರೆ ಮೆಕ್ಯಾನಿಕ್ ಗೆದ್ದರು, ನಾನು ಸೋತೆ. ಆದರೆ ಹೀಗೇ ನೂರು ಡಿಗ್ರಿಯಲ್ಲಿ ಇನ್ನೂ ಒಂದು ತಿಂಗಳು ಎಳೆದರೆ, ಇವತ್ತು ಚೆನ್ನಾಗಿರುವ ಗ್ಯಾಸ್ಕೆಟ್ ನಿಜವಾಗಿಯೂ ಹೋಗುತ್ತದೆ. ಬಿಸಿಗೆ ಹೆಡ್ಡು ಡೊಂಕಾಗುತ್ತದೆ.

ಅದಕ್ಕೇ, ಕಡಲಿಗೆ ಹೋಗಬಹುದಾ ಅನ್ನುವುದಕ್ಕೆ ಉತ್ತರ: ಪರೀಕ್ಷೆಗೆ ಬಿಟ್ಟು ಬೇರೆ ಯಾವುದಕ್ಕೂ ಬೇಡ. ಸೀಸನ್ ಶುರುವಿನ ದುಡಿಮೆ ಬಿಡುವ ಸಂಕಟ ನನಗೆ ಗೊತ್ತು. ಡೀಸೆಲ್, ಐಸು, ಹುಡುಗರ ಸಂಬಳ ಯಾವುದೂ ಕಾಯುವುದಿಲ್ಲ. ಆದರೆ ವಾಪಸ್ಸು ಬರುವಾಗ ಅಳಿವೆ ಬಾಗಿಲಲ್ಲಿ, ಅಲೆ ಹಿಂದಿನಿಂದ ಹೊಡೆಯುವಾಗ ಇಂಜಿನ್ ನಿಂತರೆ ಬೋಟಿಗೆ ಎರಡನೇ ಅವಕಾಶ ಸಿಗುವುದಿಲ್ಲ. ಪರೀಕ್ಷೆಗೆ ಹೋದಾಗ ಮುಳ್ಳು ಏರಿದರೆ ಮೊದಲು ಬದಿಯ ಪೈಪ್ ನೋಡಿ. ನೀರು ಬರುತ್ತಿದ್ದರೆ ನಿಲ್ಲಿಸಬೇಡಿ, ನ್ಯೂಟ್ರಲ್ ಮಾಡಿ ಐದು ನಿಮಿಷ ಐಡಲಿನಲ್ಲಿ ಓಡಲಿ. ನೀರು ಪೂರ್ತಿ ನಿಂತಿದ್ದರೆ ಆ ಕ್ಷಣವೇ ಇಂಜಿನ್ ಬಂದ್, ಲಂಗರು ಹಾಕಿ. ಬಿಸಿ ಟ್ಯಾಂಕಿನ ಮುಚ್ಚಳ ತೆಗೆಯಬೇಡಿ, ಮುಖ ಕಳೆದುಕೊಳ್ಳುತ್ತೀರಿ. ಇಂಜಿನ್ ಮೇಲೆ ಬಕೆಟಿನಲ್ಲಿ ಕಡಲ ನೀರು ಸುರಿಯಬೇಡಿ, ಹೆಡ್ಡು ಸೀಳುತ್ತದೆ. ನೀರು ಹಾಕಲೇಬೇಕಾದರೆ ಅರ್ಧ ಗಂಟೆಗಿಂತ ಹೆಚ್ಚು ಕಾದು, ಸ್ವಲ್ಪ ಸ್ವಲ್ಪ. ವಿಎಚ್‌ಎಫ್ ರೇಡಿಯೋದಲ್ಲಿ ಆಪತ್ತಿಗೆ ಕರೆಯುವ 16ನೇ ಚಾನೆಲ್ ತೆರೆದಿರಲಿ, ಕೋಸ್ಟ್ ಗಾರ್ಡಿನ ಸಹಾಯವಾಣಿ 1554 ಎಲ್ಲ ಹುಡುಗರ ಮೊಬೈಲಿನಲ್ಲೂ ಇರಲಿ.

ನಾಡದೋಣಿಯವರೂ ಇದನ್ನೇ ಕೇಳುತ್ತಿರುತ್ತಾರೆ, ಅವರಿಗೂ ಒಂದು ಮಾತು. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನ್ನಿನಲ್ಲಿ ಕೂಲರ್ ಇಲ್ಲ, ಕಡಲ ನೀರೇ ನೇರವಾಗಿ ಇಂಜಿನ್ ಸುತ್ತುತ್ತದೆ. ಹಿಂಬದಿಯಲ್ಲಿ ಚಿಮ್ಮುವ ಸಣ್ಣ ನೀರಿನ ಎಳೆಯೇ ನಿಮ್ಮ ಮೀಟರ್. ಅದು ಸಣ್ಣಗಾದರೆ ಮೊದಲು ಆ ತೂತಿಗೆ ತೆಳ್ಳಗಿನ ನೈಲಾನ್ ದಾರ ಹಾಕಿ ನೋಡಿ, ಬಹಳ ಸಲ ಅಲ್ಲೇ ಉಪ್ಪು ಅಥವಾ ಮರಳಿನ ಕಣ ಕೂತಿರುತ್ತದೆ. ಆಮೇಲೆ ಇಂಪೆಲ್ಲರ್. ಮನೆಗೆ ಬಂದ ಮೇಲೆ ಒಂದು ಡ್ರಮ್ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸುವ ಅಭ್ಯಾಸ ಇದ್ದವರ ಇಂಜಿನ್ ನನ್ನ ಹತ್ತಿರ ಬರುವುದು ಕಮ್ಮಿ.

ನೀವು ಮಾಡಬೇಕಾದ ಕ್ರಮ ಹೀಗೆ. ನಾಳೆ ಬೆಳಿಗ್ಗೆ ಮೊದಲು ಟ್ಯಾಂಕಿನ ಗುಳ್ಳೆ. ಆಮೇಲೆ ಬಕೆಟ್, ಬದಿಯ ಪೈಪಿನಲ್ಲಿ ಒಮ್ಮೆ, ಪಂಪಿನ ಬಾಯಲ್ಲಿ ಒಮ್ಮೆ. ಹಳೇ ಇಂಪೆಲ್ಲರ್ ಇನ್ನೂ ಟೂಲ್ ಬಾಕ್ಸಿನಲ್ಲಿ ಇರಬಹುದು, ಎಷ್ಟು ರೆಕ್ಕೆ ಇಲ್ಲ ಅಂತ ಎಣಿಸಿ. ನಾಲ್ಕು ಸಮಯ, ರೆಕ್ಕೆಯ ಲೆಕ್ಕ, ಸಕ್ಷನ್ ಪೈಪಿನ ಕತ್ತರಿಸಿದ ತುದಿಯ ಒಂದು ಫೋಟೋ ಇಷ್ಟು ಕಳಿಸಿ. ಗೇರ್ ಆಯಿಲ್ ಕೂಲರ್ ಬಿಚ್ಚುವಾಗ ಅಡಿಯಲ್ಲಿ ಒಂದು ಬಿಳಿ ಬಟ್ಟೆ ಹಾಸಿಕೊಳ್ಳಿ, ಕಪ್ಪು ರಬ್ಬರ್ ಬಿದ್ದರೆ ಬೇಗ ಕಾಣುತ್ತದೆ.